ಮೊದಲು ಬಂದ ಉತ್ತರ

ಕ್ಲೈಪೆಡಾದಲ್ಲಿ ಮಾರ್ಚ್ ಅಂದರೆ ಇನ್ನೂ ಚಳಿಗಾಲವೇ.
ಖಾರಿಯ ಮೇಲಿನ ಮಂಜು ಕಿಟಕಿಗೆ ಮೂಗೊತ್ತಿ ನಿಂತಿತ್ತು.
ಮಂಗಳವಾರ ರಾತ್ರಿ ಎರಡು ಗಂಟೆ ಹದಿನೇಳು ನಿಮಿಷಕ್ಕೆ
ನಮ್ಮ ನೆಲಮಾಳಿಗೆಯ ಸರ್ವರ್ ಒಂದು ಪ್ರಶ್ನೆ ಕೇಳಿತು:
ಈ ಬ್ಯಾಂಕಿನ ಮನೆ ಎಲ್ಲಿ?

ಅದರ ಕೆಲಸ ಅಷ್ಟೇ. ಹೆಸರು ಹೇಳಿದರೆ ವಿಳಾಸ ಹುಡುಕುವುದು,
ಸಿಕ್ಕಿದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವುದು,
ಮತ್ತೆ ಯಾರಾದರೂ ಕೇಳಿದರೆ
ಗಂಟು ಬಿಚ್ಚಿ ತೋರಿಸುವುದು.

ಪ್ರಶ್ನೆಗೊಂದು ಸಂಖ್ಯೆ ಕಟ್ಟಿ ಕಳಿಸುತ್ತದೆ,
ಅರವತ್ತೈದು ಸಾವಿರ ಚಿಲ್ಲರೆಯಲ್ಲಿ ಯಾವುದೋ ಒಂದು.
ಅದೇ ಸಂಖ್ಯೆ ಹೊತ್ತು ಮೊದಲು ಬಂದವನಿಗೆ ಮಣೆ.
ಎರಡನೆಯವನು ನಿಜವನ್ನೇ ತಂದಿರಲಿ,
ಬಾಗಿಲು ಹಾಕಿರುತ್ತದೆ.

ಕತ್ತಲಲ್ಲಿ ಯಾರೋ ಹಿಡಿ ಹಿಡಿಯಾಗಿ ಉತ್ತರ ಎರಚಿದರು,
ಒಂದೊಂದಕ್ಕೂ ಒಂದೊಂದು ಸಂಖ್ಯೆ.
ಒಂದು ತಾಗಿತು.
ಹಾಲಿಗೆ ಹುಳಿ ಬಿದ್ದದ್ದು ಪಾತ್ರೆಗೆ ತಿಳಿಯುವುದಿಲ್ಲ.
ಸರ್ವರ್ ಗಂಟು ಹಾಕಿಕೊಂಡಿತು:
ಎಂಬತ್ತಾರು ಸಾವಿರದ ನಾನೂರು ಸೆಕೆಂಡು, ಇದು ಸತ್ಯ.

ಬೆಳಿಗ್ಗೆ ಪೆಟ್ರೊನೇಲೆ ಎದ್ದರು. ಎಂಬತ್ತೊಂದು ವರ್ಷ.
ಮನೆ ಬಿಸಿಯಿಟ್ಟ ಕೊಳವೆಗಳ ಬಾಕಿ ಕಟ್ಟಬೇಕಿತ್ತು.
ಒಂದೇ ಬೆರಳಲ್ಲಿ, ಅಕ್ಷರ ಅಕ್ಷರವಾಗಿ ಒತ್ತಿ
ಬ್ಯಾಂಕಿನ ಹೆಸರು ಬರೆದರು.
ಒಂದೂ ತಪ್ಪಿರಲಿಲ್ಲ.
ಇದನ್ನು ಬರೆದಿಡಬೇಕು: ಒಂದೂ ತಪ್ಪಿರಲಿಲ್ಲ.
ಅದೇ ನೀಲಿ, ಅದೇ ಓಕ್ ಎಲೆ, ಅದೇ ನಮಸ್ಕಾರ.
ಸಂಜೆಗೆ ಸಾವಿರದ ನೂರ ನಲವತ್ತು ಯೂರೋ ಇರಲಿಲ್ಲ.

ಆ ತೂತಿಗೆ ತೇಪೆ ಬಂದು ಒಂಬತ್ತು ದಿನ ಆಗಿತ್ತು.
ಪರದೆಯ ಅಂಚಿಗೆ ಹಳದಿ ಚೀಟಿ ಅಂಟಿಸಿದ್ದೆ,
ನನ್ನದೇ ಕೈಬರಹ: ಗುರುವಾರ.

ಮರುರಾತ್ರಿ, ಅದೇ ಎರಡು ಹದಿನೇಳಕ್ಕೆ,
ಸುಳ್ಳು ತಾನಾಗಿಯೇ ಅವಧಿ ಮುಗಿದು ಉದುರಿಹೋಯಿತು.
ಸರ್ವರ್‌ಗೆ ನಾಚಿಕೆಯಿಲ್ಲ, ನೆನಪೂ ಇಲ್ಲ.
ಕ್ಯಾಲೆಂಡರ್ ಪ್ರಕಾರ ಆಗಲೇ ಗುರುವಾರ.

ಕ್ಷಮೆ ಕೇಳಲು ನನ್ನನ್ನೇ ಕಳಿಸಿದರು.
ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ಜೀರಿಗೆ ಹಾಕಿದ ಚೀಸು ಕೊಯ್ದು ಮುಂದಿಟ್ಟರು.
ಬೀಗದ ಚಿತ್ರ ಇದೆಯೇ ಎಂದು ನೋಡಲಿಲ್ಲವೇ?
ಕೇಳಬೇಕೆಂದಿದ್ದೆ. ಕಣ್ಣಲ್ಲಿ ಪೊರೆ ಕಂಡಿತು,
ಚೀಸು ತಿಂದೆ.

ಸಂಖ್ಯೆ, ಪ್ರಶ್ನೆ, ಮೊದಲು ಬಂದವನು, ಎಲ್ಲ ಹೇಳಿದೆ.
ಅವರು ನಕ್ಕುಬಿಟ್ಟರು.
'ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ, ಮಗೂ.
ನಡುವೆ ಯಾರು ಕಿವಿ ಇಟ್ಟಿದ್ದಾರೋ, ಯಾರು ಬಾಯಿ ಇಟ್ಟಿದ್ದಾರೋ,
ಆ ಕಾಲ ಹಾಗಿತ್ತು.
ರೀಗಾದಲ್ಲಿ ವೆಲ್ಟಾ ಅಂತ ಒಬ್ಬಳು.
ಮುಖ ನೋಡಿದ್ದೇ ಇಲ್ಲ.
ನಾನು ಊರಿನ ಹೆಸರನ್ನು ಒಂದೊಂದು ದಿನ ಒಂದೊಂದು ಕಡೆ ಎಳೆಯುತ್ತಿದ್ದೆ,
ರೀ...ಗಾ, ಇಲ್ಲಾ ರಿಗಾ...
ಅವಳು ಎಳೆದಲ್ಲೇ ಎಳೆದು ತಿರುಗಿಸಬೇಕು.
ನೆಟ್ಟಗೆ ಹೇಳಿದರೆ ತಂತಿ ಕೀಳುತ್ತಿದ್ದೆ.'

ಬಾಯಲ್ಲಿದ್ದ ಚೀಸು ಅಲ್ಲೇ ನಿಂತಿತು.
ತೇಪೆಯೊಳಗೆ ಇದ್ದದ್ದು ಇದೇ:
ಹೆಸರಿನ ಅಕ್ಷರಗಳನ್ನು ದೊಡ್ಡದು ಚಿಕ್ಕದು ಕಲಸಿ ಕೇಳು,
ಬಂದ ಉತ್ತರದಲ್ಲಿ ಅದೇ ಏರು, ಅದೇ ತಗ್ಗು ಇದೆಯೇ ನೋಡು.
ಯಾರೋ ಜಾಣರು ಕಂಡುಹಿಡಿದದ್ದೆಂದು ಓದಿದ್ದೆ.

ಬ್ಯಾಂಕಿನಿಂದ ಕಾಗದ ಇನ್ನೂ ಬಂದಿಲ್ಲ.
ಚೀಟಿ ಕಿತ್ತಿಲ್ಲ; ಅಂಟು ಒಣಗಿ ಒಂದು ಮೂಲೆ ಎದ್ದಿದೆ.
ವಾರಕ್ಕೊಮ್ಮೆ ಪೆಟ್ರೊನೇಲೆ ಫೋನ್ ಮಾಡುತ್ತಾರೆ.
ಹಲೋ ಅನ್ನುವುದಿಲ್ಲ.
ಸ್ಕಿರ್‌ಮಾಂ...ಟಸ್, ಎಂದು ನನ್ನ ಹೆಸರನ್ನು
ನಡುವೆಯೇ ಎಳೆದು ಕಾಯುತ್ತಾರೆ.

ನಾನೂ ಅಲ್ಲೇ, ಅಷ್ಟೇ ಎಳೆಯಬೇಕು.
ತಂತಿಯ ಆ ತುದಿಯಲ್ಲಿ ಉಸಿರು ಕೇಳಿಸುತ್ತದೆ,
ಕೀಳಲು ಸಿದ್ಧವಾದ ಕೈಯ ಉಸಿರು.